ಬಿಡ್ತು ಅನ್ನುವ ಮೊದಲು ಕೇಳಿಸಿಕೊಳ್ಳಿ

ಕ್ಯಾನ್ಸರ್ ಇರುವ ತಾಯಿ "ನಾನು ಹೋದಮೇಲೆ..." ಎಂದು ಬಾಯಿ ತೆರೆದ ಕೂಡಲೇ ನಮ್ಮ ಮನೆಗಳಲ್ಲಿ "ಬಿಡ್ತು ಅನ್ನಮ್ಮ" ಎಂದು ತಡೆಯುತ್ತೇವೆ. ಸ್ಕ್ಯಾನ್ ವರದಿಯ ಮಾತು ನಡೆಯುವುದು ವಾರ್ಡಿನ ಹೊರಗೆ, ದೊಡ್ಡ ಮಗನ ಜೊತೆ. ನಾನಿರುವ ಇಂಗ್ಲೆಂಡಿನಲ್ಲಿ ಅದನ್ನು ರೋಗಿಯ ಎದುರೇ ಆಡುತ್ತಾರೆ. ಕೊನೆಯ ದಿನಗಳನ್ನು ಎಲ್ಲಿ ಕಳೆಯಲು ಇಷ್ಟ ಎಂದು ನರ್ಸ್ ಕೇಳಿ ಬರೆದಿಡುತ್ತಾರೆ.

ಈ ಪದ್ಧತಿಯನ್ನು ಇಡಿಯಾಗಿ ಊರಿಗೆ ಹೊತ್ತು ತರಬೇಕಿಲ್ಲ. ಒಬ್ಬರನ್ನೇ ಕೂರಿಸಿ ಕೇಳಿದರೆ ನಮ್ಮ ಹಿರಿಯರು ಗಾಬರಿಯಾಗಿ "ಮಗ ಹೇಳಿದ ಹಾಗೆ" ಅಂದುಬಿಡುತ್ತಾರೆ. ಮನೆಯವರು ಜೊತೆಗಿರಲಿ, ಆದರೆ ಮೊದಲ ಪ್ರಶ್ನೆ ರೋಗಿಗೇ ಹೋಗಲಿ: "ವರದಿ ಬಂದರೆ ನಿಮಗೆ ಹೇಳಬೇಕಾ, ಮಗಳಿಗಾ, ಇಬ್ಬರಿಗೂ ಒಟ್ಟಿಗಾ?" ಮಗಳಿಗೆ ಹೇಳಿ ಅಂದರೆ ಅದೂ ಅವರದೇ ತೀರ್ಮಾನ.

ರೋಗ ಗೊತ್ತಾದ ದಿನವೇ ಇದನ್ನೆಲ್ಲ ಕೇಳಬಾರದು. ಐಸಿಯು ಬಾಗಿಲಲ್ಲಿ ಕೇಳಿದರೆ ತಡವಾಯಿತು. ಒಂದು ಕೀಮೋ ಕೆಲಸ ಮಾಡದೆ ಇನ್ನೊಂದಕ್ಕೆ ಬದಲಾಯಿಸುವ ಹೊತ್ತು ಸರಿಯಾದದ್ದು. ನೋವಿದ್ದಾಗ ಯಾರೂ ಯೋಚಿಸಲಾರರು, ಆದ್ದರಿಂದ ಮಾತ್ರೆ ಕೆಲಸ ಮಾಡಿ ನೋವು ತಗ್ಗಿದ ಮೇಲೆ ಕೂರಿ. ಒಂದು ಸಲಕ್ಕೆ ಒಂದೆರಡು ಪ್ರಶ್ನೆ ಸಾಕು: "ರಾತ್ರಿ ಏನು ಚಿಂತೆ ಬರುತ್ತೆ?", "ಯಾವುದನ್ನು ಮಾತ್ರ ಮಾಡಬೇಡಿ ಅನ್ನಿಸುತ್ತೆ?" ಕೇಳಿದ ಮೇಲೆ ಸುಮ್ಮನಿರಿ, ಆ ಮೌನವನ್ನು ಧೈರ್ಯದ ಮಾತಿನಿಂದ ತುಂಬಿಸಿದರೆ ಉತ್ತರ ಬರುವುದಿಲ್ಲ. "ಎಲ್ಲಾ ಪ್ರಯತ್ನ ಮಾಡೋಣ್ವಾ?" ಎಂಬುದು ಪ್ರಶ್ನೆಯೇ ಅಲ್ಲ. ಅದಕ್ಕೆ ಬೇಡ ಅನ್ನುವ ಮಗ ಎಲ್ಲಿದ್ದಾನೆ? ವೆಂಟಿಲೇಟರ್, ಮೂಗಿನ ನಳಿಕೆ, ಎದೆ ಒತ್ತುವುದು ಎಂದು ಒಂದೊಂದನ್ನೇ ಬಿಡಿಸಿ ಹೇಳಿ ಕೇಳಬೇಕು.

ಇಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಲು ಕಾನೂನು ಎರಡೂ ಕಡೆ ಇದೆ. ಇಂಗ್ಲೆಂಡಿನ 2005ರ ಕಾಯ್ದೆಯಂತೆ ಜೀವ ಉಳಿಸುವ ಚಿಕಿತ್ಸೆ ಬೇಡವೆಂದರೆ ಬರಹದಲ್ಲಿರಬೇಕು, "ಜೀವಕ್ಕೆ ಅಪಾಯವಿದ್ದರೂ" ಎಂಬ ಮಾತು ಸ್ಪಷ್ಟವಾಗಿರಬೇಕು, ಸಹಿಯೂ ಸಾಕ್ಷಿಯೂ ಬೇಕು. ಭಾರತದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಈ ಹಕ್ಕು ಕೊಟ್ಟಿತು. ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ನಿಯಮದಿಂದ ಅದು ಕಾಗದದಲ್ಲೇ ಉಳಿಯಿತು. 2023ರ ಜನವರಿಯಲ್ಲಿ ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶವನ್ನೂ ಹೊರಡಿಸಿದೆ. ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಆಸ್ಪತ್ರೆಯ ಫೈಲಿನಲ್ಲೊಂದು ಪ್ರತಿ, ನಿರ್ಧಾರ ಮಾಡಬೇಕಾದವರ ಕೈಯಲ್ಲೊಂದು ಪ್ರತಿ ಇರಲಿ.

ನನಗೆ ನಿಜವಾದ ಅಂತರ ಕಾಣುವುದು ಔಷಧದಲ್ಲಿ. "ಮನೆಯಲ್ಲೇ ಇರ್ತೀನಿ" ಅಂದವರ ಮನೆಗೆ ಇಲ್ಲಿ ಮೊದಲೇ ನಾಲ್ಕು ಬಗೆಯ ಇಂಜೆಕ್ಷನ್ ತಂದಿಡುತ್ತಾರೆ: ನೋವು ಮತ್ತು ಉಸಿರಾಟದ ಕಷ್ಟಕ್ಕೆ ಮಾರ್ಫಿನ್, ತಳಮಳಕ್ಕೆ ಮಿಡಾಜೋಲಾಮ್, ವಾಂತಿಗೊಂದು, ಗಂಟಲಿನ ಗೊರಗೊರಕ್ಕೊಂದು. ರಾತ್ರಿ ಫೋನ್ ಮಾಡಿದರೆ ನರ್ಸ್ ಬಂದು ಕೊಡುತ್ತಾರೆ. ನಮ್ಮಲ್ಲಿ ಆಸೆಯನ್ನು ಕೇಳಿದರೂ ನಡುರಾತ್ರಿ ಉಸಿರು ಕಟ್ಟಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಕಂಗಾಲಾದ ಮನೆಯವರು ಆಂಬುಲೆನ್ಸ್ ಕರೆಯುತ್ತಾರೆ, ಬೆಳಗಾಗುವಷ್ಟರಲ್ಲಿ ರೋಗಿ ವೆಂಟಿಲೇಟರಿನಲ್ಲಿ. ಇದು ಅವರ ತಪ್ಪಲ್ಲ.

ಭಾರತದ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಡುವುದು ಸುಲಭವಾಗಿದೆ. ಹಾಗಾಗಿ ಡಿಸ್ಚಾರ್ಜ್ ದಿನವೇ ಕೇಳಿ: ಮಾರ್ಫಿನ್ ಮಾತ್ರೆ ಎಲ್ಲಿ ಸಿಗುತ್ತದೆ, ನುಂಗಲಾಗದಿದ್ದರೆ ಬದಲಿ ಏನು, ರಾತ್ರಿ ಫೋನ್ ಎತ್ತುವವರು ಯಾರು. ಬೆಂಗಳೂರಿನವರಾದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯವಿದೆ, ಆರೈಕೆ ಉಚಿತ.