ಮೂರು ಫಿರಂಗಿ ಸದ್ದಿಗೆ ಕಾಯಬೇಕಿತ್ತು, ಆದರೆ...

ಮರಕ್ಕೆ ಒರಗಿ, ಗುಂಡೇಟು ಬಿದ್ದ ಕಾಲು ಚಾಚಿ, ಪೈಪ್ ಸೇದುತ್ತಲೇ ಯುದ್ಧ ನಡೆಸಿದ ದಂಡನಾಯಕ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಓದುವವರಿಗೆ ನಿಕೋಲಸ್ ಹರ್ಕಿಮರ್ ಸಿಗುವುದೇ ಹೀಗೆ. ನನ್ನನ್ನು ಕಾಡುವುದು ಮಾತ್ರ ಅದೇ ದಿನ ಬೆಳಗ್ಗೆ ನಡೆದ ಜಗಳ.

1777ರ ಆಗಸ್ಟ್. ನ್ಯೂಯಾರ್ಕಿನಲ್ಲಿ ಅಮೆರಿಕನ್ನರ ಕೈಯಲ್ಲಿದ್ದ ಸ್ಟಾನ್‌ವಿಕ್ಸ್ ಕೋಟೆಗೆ ಬ್ರಿಟಿಷ್ ಕಡೆಯ ದಂಡನಾಯಕ ಸೇಂಟ್ ಲೆಜರ್ ಮುತ್ತಿಗೆ ಹಾಕಿದ್ದ. ಬಿಡಿಸಲು ಹೊರಟವರು ಟ್ರೈಯನ್ ಕೌಂಟಿಯ ಸುಮಾರು 800 ಜನ. ಸಂಬಳದ ಸಿಪಾಯಿಗಳಲ್ಲ, ಹೆಚ್ಚಿನವರು ಹೊಲಗದ್ದೆ ಬಿಟ್ಟು ಬಂದ ರೈತರು. ಅವರ ನಾಯಕ ಹರ್ಕಿಮರ್ ಕೋಟೆಗೆ ದೂತರನ್ನು ಅಟ್ಟಿದ್ದ. ಅವರು ತಲುಪಿದ ಗುರುತಿಗೆ ಒಳಗಿನಿಂದ ಮೂರು ಫಿರಂಗಿ ಹಾರಬೇಕು, ಆಮೇಲೆ ಇವರು ಮುಂದೆ ಸಾಗಬೇಕು. 6ನೇ ತಾರೀಕು ಹೊತ್ತೇರಿದರೂ ಸದ್ದಿಲ್ಲ.

ಕೆಳಗಿನ ಅಧಿಕಾರಿಗಳು ತಾಳ್ಮೆಗೆಟ್ಟರು. ಹರ್ಕಿಮರನನ್ನು ಹೇಡಿ ಅಂದರು, ಬ್ರಿಟಿಷ್ ರಾಜನ ಕಡೆಯವನು ಅಂದರು. ಅವನ ತಮ್ಮನೊಬ್ಬ ನಿಜಕ್ಕೂ ಶತ್ರುಪಾಳೆಯದಲ್ಲಿದ್ದ.

'ಗಟ್ಟಿಯಾಗಿ ನಿಂತು ಬಾಯಿ ಮುಚ್ಚಿಸಬೇಕಿತ್ತು' ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಾಜನ ಆಡಳಿತ ಕುಸಿದ ಮೇಲೆ ಆ ಸೀಮೆ ನಡೆಸುತ್ತಿದ್ದದ್ದು ಊರಿನವರೇ ಕೂಡಿದ ಸುರಕ್ಷತಾ ಸಮಿತಿ. ಯಾರು ನಮ್ಮವರು, ಯಾರು ದ್ರೋಹಿ ಎಂದು ತೀರ್ಮಾನಿಸುತ್ತಿದ್ದದ್ದೂ ಅದೇ. ಹರ್ಕಿಮರ್ ಅದಕ್ಕೆ ಅಧ್ಯಕ್ಷನಾಗಿದ್ದವನು. ದಂಡಿನಲ್ಲಿದ್ದ ಐಸಾಕ್ ಪ್ಯಾರಿಸ್ ಅದೇ ಸಮಿತಿಯವನು. ಬಂದೂಕು ಹಿಡಿದವನೂ ಅವನೇ, ಪಂಚಾಯ್ತಿ ಕಟ್ಟೆಯಲ್ಲಿ ಕೂರುವವನೂ ಅವನೇ. ಅಂಥವರ ನಡುವೆ 'ರಾಜನಿಷ್ಠ' ಅನ್ನುವುದು ಬರೀ ಬೈಗುಳವಲ್ಲ. ಆ ಮಾತಿಗೆ ಜನ ಜೈಲು ಕಂಡಿದ್ದರು, ಆಸ್ತಿ ಕಳೆದುಕೊಂಡಿದ್ದರು. ದಂಡನಾಯಕ ಅಪ್ಪಣೆ ಕೊಡಬಹುದು; ತನ್ನ ಮೇಲೇ ವಿಚಾರಣೆ ಕೂರಿಸಬಲ್ಲ ನೆರೆಹೊರೆಯವರಿಗೆ ಹೇಗೆ ಕೊಡುವುದು?

   

ಕೊನೆಗೆ ಹೊರಡಿ ಎಂದ. ಇತ್ತ ಬ್ರಿಟಿಷರ ಪರವಿದ್ದ, ಅಲ್ಲಿನ ಮೂಲನಿವಾಸಿ ಮೋಹಾಕ್ ಬುಡಕಟ್ಟಿನ ಹೆಣ್ಣುಮಗಳು ಮಾಲಿ ಬ್ರಾಂಟ್ ಕಳಿಸಿದ ಸುದ್ದಿ ಹಿಂದಿನ ದಿನವೇ ಸೇಂಟ್ ಲೆಜರನಿಗೆ ಮುಟ್ಟಿತ್ತು. ಒರಿಸ್ಕನಿ ಹತ್ತಿರದ ಕಮರಿಯಲ್ಲಿ ಶತ್ರುಗಳು ಹೊಂಚು ಹಾಕಿ ಕೂತಿದ್ದರು. ಅವಸರ ಮಾಡಿದವರಲ್ಲಿ ಒಬ್ಬನಾದ ಕರ್ನಲ್ ಕಾಕ್ಸ್ ಆರಂಭದಲ್ಲೇ ಸತ್ತ. ಪ್ಯಾರಿಸ್ ಸೆರೆಸಿಕ್ಕಿ ಕೊಲೆಯಾದ. ಹರ್ಕಿಮರನ ಕಾಲು ಕತ್ತರಿಸಿದರು, ಹತ್ತು ದಿನಕ್ಕೆ ತೀರಿಕೊಂಡ.

ದೂತರು ಕೋಟೆ ಸೇರಿದ್ದು ಅಂದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಅಷ್ಟರಲ್ಲಿ ಕಮರಿಯಲ್ಲಿ ಗುಂಡು ಹಾರಲು ಶುರುವಾಗಿತ್ತು.