ಬಬ್ರುವಿಗೆ ನಿವೃತ್ತಿಯ ಪತ್ರ ತಲುಪಿಲ್ಲ

ಕಳೆದ ಬೇಸಿಗೆಯಲ್ಲಿ ಮಗನ ಉಪನಯನಕ್ಕೆ ಕರೆಯಲು ನೆಂಟರೊಬ್ಬರು ಬಂದಿದ್ದರು. ಬೇಲಿಬಾಗಿಲಿನ ದಣಪೆ ಸರಿಸಿ, ಅಂಗಳ ದಾಟಿ, ಮೆಟ್ಟಿಲ ಮೇಲೆ ಮಲಗಿದ್ದ ನಮ್ಮ ಮುದಿ ನಾಯಿ ಬಬ್ರುವನ್ನೂ ದಾಟಿ ಒಳಗೆ ಬಂದರು. ಆಸರಿಗೆ ಕುಡಿದರು, ಉಂಡರು, ಕವಳ ಹಾಕಿದರು, ಜಗಲಿಯಲ್ಲಿ ಕಾಲು ಚಾಚಿ ಒಂದು ಗಳಿಗೆ ಗೊರಕೆಯನ್ನೂ ಹೊಡೆದರು. ಮೂರು ಗಂಟೆಗೆ ಎದ್ದು ಅವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಬಬ್ರುವಿಗೆ ಎಚ್ಚರವಾಯಿತು. ಗುರುತಿಲ್ಲದ ಗಂಡಸೊಬ್ಬ ಮನೆಯೊಳಗಿಂದ ಚೀಲ ಹಿಡಿದು ಹೊರಗೆ ಹೋಗುತ್ತಿದ್ದಾನೆ! ಇದ್ದಬದ್ದ ಉಸಿರನ್ನೆಲ್ಲ ಗಂಟಲಿಗೆ ತಂದುಕೊಂಡು ಬೊಗಳುತ್ತ ದಣಪೆಯವರೆಗೂ ಅಟ್ಟಿಕೊಂಡು ಹೋಯಿತು. ಆ ಮನುಷ್ಯ ಮಂಗಳಪತ್ರಿಕೆಗಳ ಕಟ್ಟನ್ನೇ ಗುರಾಣಿಯಂತೆ ಹಿಡಿದು ಹಿಂದುಹಿಂದಕ್ಕೆ ನಡೆದರು. ಚೀಲದಲ್ಲಿ ಅತ್ತೆಯೇ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು ಅನ್ನುವುದನ್ನು ಗಮನಿಸಿದರೆ, ಬಬ್ರುವಿನ ಸಂಶಯಕ್ಕೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ.

ಉಪನಯನಕ್ಕೆ ನಾವು ಹೋದಾಗ ಅವರು ಮೊದಲು ಕೇಳಿದ್ದು, "ನಾಯಿ ಬಂಜಿಲ್ಲೆ ಅಲ್ದಾ?"

ನಮ್ಮದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ನಾವು. ಇಂಥಲ್ಲಿ ನಾಯಿ ಅಂದರೆ ಮುದ್ದಿಗೆ ಸಾಕುವ ಪ್ರಾಣಿಯಲ್ಲ, ಅದಕ್ಕೊಂದು ಹುದ್ದೆ ಇರುತ್ತದೆ. ಮಂಗ ಓಡಿಸುವುದು, ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಅಂಗಳದ ಅಡಿಕೆ ಕಾಯುವುದು, ಯಾರು ಬಂದರೂ ಅವರು ದಣಪೆ ಮುಟ್ಟುವ ಮೊದಲೇ ಒಳಗಿದ್ದವರಿಗೆ ಸೀರೆ ಸರಿ ಮಾಡಿಕೊಳ್ಳುವಷ್ಟು ಸಮಯ ಕೊಡುವುದು. ಬಬ್ರು ಇದನ್ನೆಲ್ಲ ಹತ್ತು ವರ್ಷ ಚೊಕ್ಕವಾಗಿ ಮಾಡಿತು. ಈಗ ಮೂರು ವರ್ಷದಿಂದ ಮಾಡುತ್ತಿಲ್ಲ. ತಾನು ಮಾಡುತ್ತಿಲ್ಲ ಎನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ, ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಅದು ಬಂದದ್ದು 2012ರ ಮಾರಿಕಾಂಬಾ ಜಾತ್ರೆಯ ವರ್ಷ. ಮಾವ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ವಾಪಸಾಗುವಾಗ ದಾರಿಯ ಮೋರಿಯಲ್ಲಿ ಸಿಕ್ಕ ಕೆಂಚು ಮರಿ. ರಾತ್ರಿಯ ಆಟದಲ್ಲಿ ಬಬ್ರುವಾಹನ ಅರ್ಜುನನನ್ನೇ ಕೆಡವಿದ್ದ. ಮಾವನ ತಲೆಯಲ್ಲಿ ಇನ್ನೂ ಚಂಡೆ ಇಳಿದಿರಲಿಲ್ಲ, ಅಂಗೈಯಗಲದ ಮರಿಗೆ ಆ ವೀರನ ಹೆಸರನ್ನೇ ಇಟ್ಟರು. ಸಂಸ್ಕೃತದಲ್ಲಿ ಬಭ್ರು ಅಂದರೆ ಕೆಂಗಂದು ಬಣ್ಣ ಎಂದು ಆಮೇಲೆ ಗೊತ್ತಾಗಿ ಇನ್ನಷ್ಟು ಬೀಗಿದರು. ಅತ್ತೆಗೆ ಮಾತ್ರ ಅದು ಮೊದಲ ದಿನದಿಂದಲೂ 'ಬಬ್ಬು'.

ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಂದ ವರ್ಷದ್ದೂ ಸೇರಿಸಿ ಏಳು ಜಾತ್ರೆ ಕಂಡ ನಾಯಿ ಎಂದು ಮಾವ ಎಲ್ಲರೆದುರು ಹೇಳುತ್ತಿದ್ದರು. ಹೋದ ವರ್ಷ ಹಿಂಗಾಲು ಎಳೆಯತೊಡಗಿದಾಗ ರಿಕ್ಷಾ ಮಾಡಿಕೊಂಡು ಪೇಟೆಗೆ ಒಯ್ದೆವು. ಒಂದು ಕಾಲಕ್ಕೆ ರಿಕ್ಷಾದ ಹಿಂದೆ ಒಂದು ಫರ್ಲಾಂಗು ಓಡುತ್ತಿದ್ದ ನಾಯಿ ಈಗ ರಿಕ್ಷಾದ ಒಳಗೆ, ಮಾವನ ತೊಡೆಯ ಮೇಲೆ ತಲೆಯಿಟ್ಟು, ಕಿಟಕಿ ಗಾಳಿಗೆ ಕಣ್ಣು ಮುಚ್ಚಿ ಕೂತಿತ್ತು. ಡಾಕ್ಟರು ಹಲ್ಲು ನೋಡಿದರು, ಸೊಂಟ ಒತ್ತಿದರು, ಕಣ್ಣಿಗೆ ಬೆಳಕು ಬಿಟ್ಟರು. ಕಣ್ಣು ನೀಲಿಗಟ್ಟಿದ್ದನ್ನು ಕಂಡು ಮಾವ, "ನಂಗೆ ಪೊರೆ ತೆಗೆದಂಗೆ ಇದಕ್ಕೂ ಆಪರೇಶನ್ ಬೇಕಾ ಡಾಕ್ಟ್ರೇ?" ಎಂದರು. ಇದು ಪೊರೆಯಲ್ಲ, ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗಿ ಹೀಗೆ ನೀಲಿ ಮಂಜು ಕವಿದಂತೆ ಕಾಣುತ್ತದೆ, ಅದಕ್ಕೆ ಇನ್ನೂ ಬೇಕಾದಷ್ಟು ಕಾಣುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಕಿವಿ ಸುಮಾರಾಗಿ ಹೋಗಿದೆ. ಮೂಗು ಕೊನೆಯವರೆಗೂ ಇರುತ್ತದೆ.

ತೊಡಕಾದದ್ದು ವಯಸ್ಸಿನ ಲೆಕ್ಕದಲ್ಲಿ. ನಾಯಿಯ ಒಂದು ವರ್ಷ ಮನುಷ್ಯರ 7 ವರ್ಷಕ್ಕೆ ಸಮ ಎಂದು ಊರೆಲ್ಲ ಗುಣಿಸುವಂತೆ ಮಾವನೂ ಗುಣಿಸಿ "ತೊಂಬತ್ತೊಂದು" ಅಂದರು. ಡಾಕ್ಟರು ತಲೆಯಾಡಿಸಿದರು. ಅಷ್ಟು ಸರಳವಲ್ಲವಂತೆ. ಮೊದಲ ವರ್ಷಕ್ಕೇ 15, ಎರಡನೆಯದಕ್ಕೆ 9, ಆಮೇಲೆ ಈ ಗಾತ್ರದ ನಾಯಿಗೆ ವರ್ಷಕ್ಕೆ ಸುಮಾರು 5. ಹದಿಮೂರು ವರ್ಷಕ್ಕೆ ಒಟ್ಟು 79.

ಮಾವ ಸುಮ್ಮನಾದರು. ಅವರಿಗೂ ಎಪ್ಪತ್ತೊಂಬತ್ತೇ. ವಾಪಸು ಬರುವಾಗ ಅರ್ಧ ದಾರಿಯವರೆಗೆ ಮಾತಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು: "ಬಪ್ಪ ವರ್ಷ ನಂಗೆ ಎಂಬತ್ತು, ಇದಕ್ಕೆ ಎಂಬತ್ನಾಲ್ಕು. ನಾನೇ ಇದಕ್ಕೆ ನಮಸ್ಕಾರ ಮಾಡವು."

ಅಂದಿನಿಂದ ಮನೆಯಲ್ಲಿ ಇಬ್ಬರು ಎಪ್ಪತ್ತೊಂಬತ್ತರವರು, ಇಬ್ಬರಿಗೂ ಗುಳಿಗೆ, ಕೊಡುವವಳು ನಾನೊಬ್ಬಳು. ಬಬ್ರುವಿನದು ಬಿಳಿ ಗುಳಿಗೆ, ಕೀಲುನೋವಿಗೆ, ಹೊಟ್ಟೆಗೆ ಏನಾದರೂ ಹಾಕಿದ ಮೇಲೆಯೇ ಕೊಡಬೇಕು. ಮಾವನದು ಗುಲಾಬಿ, ಬಿಪಿಗೆ. ಪಕ್ಕದ ಮನೆಯವರು, "ಅದಕ್ಕೆಂತಕ್ಕೆ ಬೇರೆ ಔಷಧಿ, ಮನೇಲಿರೋ ನೋವಿನ ಗುಳಿಗೆ ಅರ್ಧ ಹಾಕಿ" ಎಂದು ಸಲಹೆ ಕೊಟ್ಟಿದ್ದರು. ಪುಣ್ಯಕ್ಕೆ ಫೋನು ಮಾಡಿ ಕೇಳಿದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ನಮ್ಮ ಗುಳಿಗೆಗಳು ನಾಯಿಗೆ ವಿಷವಾಗಬಹುದು ಎಂದು ಡಾಕ್ಟರು ಗದರಿದರು. ಗದರಿಸಿಕೊಂಡವಳು ನಾನು, ಸಲಹೆ ಕೊಟ್ಟವರು ಬೇಲಿಯಾಚೆ ಹಾಯಾಗಿ ಅಡಿಕೆ ಸುಲಿಯುತ್ತಿದ್ದರು.

ಗುಳಿಗೆ ನುಂಗಿಸುವುದು ಒಂದು ವಿದ್ಯೆ. ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಟ್ಟೆ. ಹಣ್ಣು ಹೋಯಿತು, ಗುಳಿಗೆ ನೆಲದ ಮೇಲೆ ತೊಳೆದಿಟ್ಟ ಹಾಗೆ ಉಳಿಯಿತು. ಬೆಲ್ಲ ಹಾಕದ ತೆಳ್ಳೇವಿನಲ್ಲಿ, ಅಂದರೆ ತೆಳು ದೋಸೆಯಲ್ಲಿ, ಸುತ್ತಿ ಕೊಟ್ಟೆ, ತೆಳ್ಳೇವು ಮಾತ್ರ ಹೋಯಿತು. ಹಲಸಿನ ಕಡುಬು ಅಂಟುತ್ತದೆ, ಅದರಲ್ಲಿ ತಪ್ಪಿಸಿಕೊಳ್ಳಲಾರದು ಎಂದುಕೊಂಡೆ. ಕಡುಬನ್ನು ಗಲ್ಲದ ಈ ಕಡೆಯಿಂದ ಆ ಕಡೆಗೆ ಹೊರಳಿಸಿ ಹೊರಳಿಸಿ, ತಾಳಮದ್ದಳೆಯ ಅರ್ಥಧಾರಿ ಮಾತು ಹುಡುಕುವ ಹಾಗೆ ಸ್ವಲ್ಪ ಹೊತ್ತು ಕೂತು, ಕೊನೆಗೆ ಪಕ್ಕಕ್ಕೆ ತಿರುಗಿ 'ತುಪ್' ಎಂದಿತು. ಇರುವ ಹಲ್ಲು ನಾಲ್ಕಾರು, ಅಷ್ಟರಲ್ಲೇ ಈ ಕುಸುರಿ ಕೆಲಸ! ಒಂದು ವಾರದ ನಂತರ ಗುಳಿಗೆಯನ್ನು ನನ್ನ ಮುಂದೆ ಉಗುಳುವುದು ನಿಂತಿತು. ಗೆದ್ದೆ ಎಂದು ಬೀಗಿದೆ.

ಚೌತಿಗೆ ಮನೆ ಗುಡಿಸಿ ಒರೆಸುವಾಗ ಜಗಲಿಯ ಹಳೇ ಬೆಂಚನ್ನು ಸರಿಸಿದೆವು. ಬಬ್ರು ಮಲಗುವುದು ಆ ಬೆಂಚಿನ ಬುಡದಲ್ಲಿ, ಮಾವ ಕೂರುವುದು ಅದೇ ಬೆಂಚಿನ ಮೇಲೆ. ಗೋಡೆಯ ಸಂದಿಯಲ್ಲಿ ಬಿಳಿ ಗುಳಿಗೆ ಹನ್ನೊಂದು ಸಿಕ್ಕವು. ಅವುಗಳ ಜೊತೆ ಗುಲಾಬಿಯವು ಆರು.

ಅತ್ತೆ ಎಲ್ಲವನ್ನೂ ಹಿಡಿಯಲ್ಲಿ ತೆಗೆದುಕೊಂಡು ಮಾವನ ಮುಂದೆ ಅಂಗೈ ಬಿಚ್ಚಿದರು. ಮಾವ ಕಿವಿಯ ಮಷಿನ್ನು ಸರಿ ಮಾಡಿಕೊಂಡು, ಅಂಗೈಯನ್ನು ಬಗ್ಗಿ ನೋಡಿ, "ನಾಯಿಗೆ ಗುಲಾಬಿ ಗುಳಿಗೆ ಯಾವಾಗಿಂದ ಶುರು ಮಾಡಿದ್ರಿ?" ಎಂದು ನನ್ನನ್ನೇ ಕೇಳಿದರು.

ನಮ್ಮತ್ತೆಯ ಕಥೆ ಬೇರೆ. ನಾನು ಮದುವೆಯಾಗಿ ಬಂದಾಗ ನಾಯಿ ಮೆಟ್ಟಿಲಿಗಿಂತ ಮೇಲೆ ಬರಬಾರದು ಎನ್ನುವುದು ಅವರೇ ಹಾಕಿದ ಕಟ್ಟಳೆ. ಬಬ್ರುವಿನ ಬಾಲ ಹೊಸ್ತಿಲಿಗೆ ತಾಗಿದರೂ ನೀರು ಹಾಕಿ ತೊಳೆಯುತ್ತಿದ್ದರು. ಮೂರು ವರ್ಷದ ಹಿಂದೆ ಆಷಾಢದ ಜಡಿಮಳೆಯಲ್ಲಿ, "ಪಾಪ, ಅದಕ್ಕೆ ಥಂಡಿ ಆಗ್ತು, ಮಳೆಗಾಲ ಒಂದು ಕಳೀಲಿ" ಎಂದು ಜಗಲಿಯ ಮೂಲೆಯಲ್ಲಿ ಗೋಣಿಚೀಲ ಹಾಸಿದವರೂ ಅವರೇ. ಆ ಮಳೆಗಾಲ ಇನ್ನೂ ಕಳೆದಿಲ್ಲ. ಜಗಲಿಯಿಂದ ಬಚ್ಚಲಿಗೆ ಬಂತು. ಬಚ್ಚಲೊಲೆಯಲ್ಲಿ ಬೆಂಕಿ ಆರಿದ ಮೇಲೂ ಬೂದಿ ಬೆಚ್ಚಗಿರುತ್ತದೆ. ರಾತ್ರಿಯಿಡೀ ಅದರಲ್ಲಿ ಹೊರಳಿ, ಬೆಳಿಗ್ಗೆ ಮೈತುಂಬ ಬೂದಿ ಬಳಿದುಕೊಂಡು, ಅರೆಗಣ್ಣು ಮುಚ್ಚಿಕೊಂಡು ಹೊರಗೆ ಬರುವಾಗ ಹಿಮಾಲಯದಿಂದ ಇಳಿದುಬಂದ ಬೈರಾಗಿಯ ಹಾಗೆಯೇ ಕಾಣುತ್ತದೆ. ಅಲ್ಲಿಂದ ಈಗ ಅಡಿಗೆಮನೆಯ ಬಾಗಿಲವರೆಗೆ ಬಂದಿದೆ. ಅತ್ತೆ ಬೆಣ್ಣೆ ಕಾಯಿಸಲು ಇಟ್ಟರೆ ಸಾಕು, ಮಾವ ಟೀವಿಯಲ್ಲಿ ಹಾಕಿದ ಏರುಚಂಡೆಗೂ ಅಲುಗದ ನಾಯಿ ಹೊಸ್ತಿಲ ಮೇಲೆ ಗಲ್ಲ ಊರಿ ಹಾಜರು. ಮಡಿಯ ಮಾತು ಎತ್ತಿದರೆ, "ಒಳಗೆ ಬಂದದ್ದು ಗಲ್ಲ ಒಂದೇ, ನಾಯಿ ಹೊರಗೇ ಇದ್ದು" ಎನ್ನುತ್ತಾರೆ.

ಹೀಗೆ ಒಳಗೆ ಬಂದ ಮೇಲೆ ಟೈಲ್ಸಿನ ಸಮಸ್ಯೆ ಶುರುವಾಯಿತು. ಹಳೆಯ ಕಾವಿನೆಲ ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಿದ್ದು ನಮ್ಮನೆಯವರ ಆಸೆ. ಸೊಂಟದ ಬಲ ಕುಗ್ಗಿದ ನಾಯಿಗೆ ಅದರ ಮೇಲೆ ಉಗುರು ಹಿಡಿಯುವುದಿಲ್ಲ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿ, ಕಂಬಳಿ ಹಾಸಿದ ಹಾಗೆ ಚಪ್ಪಟೆಯಾಗಿ ಕೂತು, ಏನೂ ಆಗಿಲ್ಲ, ನಾನು ಇಲ್ಲೇ ಕೂರಬೇಕೆಂದಿದ್ದೆ ಎಂಬಂತೆ ಅತ್ತಿತ್ತ ನೋಡುತ್ತಿತ್ತು. ಅಂಗಾಲಿನ ಸಂದಿಯ ಕೂದಲು ಕತ್ತರಿಸಿದೆವು. ಜಗಲಿಯಿಂದ ಬಚ್ಚಲವರೆಗೆ ಗೋಣಿಚೀಲ, ಹಳೇ ಚಾಪೆ, ಅತ್ತೆಯ ನೂಲಿನ ಸೀರೆ ಎಲ್ಲ ಹಾಸಿ ಒಂದು ರಾಜಬೀದಿ ಮಾಡಿಕೊಟ್ಟೆವು. ಬಬ್ರು ಅದರ ಮೇಲೆ ಗಂಭೀರವಾಗಿ ನಡೆಯಿತು. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ನಾನು ಎರಡೂ ಕೈಯಲ್ಲಿ ಕಷಾಯದ ಲೋಟ ಹಿಡಿದು ಅದೇ ರಾಜಬೀದಿಯಲ್ಲಿ ಬರುತ್ತಿದ್ದೆ. ಒದ್ದೆ ಗೋಣಿ ಕಾಲಡಿಗೆ ಜಾರಿತು. ಯಾಕೆ ಒದ್ದೆಯಾಗಿತ್ತು ಅನ್ನುವುದನ್ನು ವಯಸ್ಸಾದ ನಾಯಿ ಸಾಕಿದವರಿಗೆ ವಿವರಿಸಬೇಕಿಲ್ಲ. ಕಷಾಯ ಗೋಡೆಗೆ ಹೋಯಿತು, ನಾನು ಚಪ್ಪಟೆ ಕಂಬಳಿಯಾದೆ. ಬಬ್ರು ಹತ್ತಿರ ಬಂದು ನನ್ನ ಕೈ ಮೂಸಿ, ಕಷಾಯವೆಂದು ಖಾತ್ರಿಯಾದ ಮೇಲೆ ನೆಕ್ಕಿತು.

ರಾತ್ರಿಯ ಪಾಳಿ ನಮ್ಮನೆಯವರದು. ಈ ವಯಸ್ಸಿನಲ್ಲಿ ಕೆಲವು ನಾಯಿಗಳಿಗೆ, ಮನುಷ್ಯರಿಗೆ ಅರುಳುಮರುಳು ಆಗುವ ಹಾಗೆ, ಹಗಲು ರಾತ್ರಿ ಅದಲುಬದಲಾಗುತ್ತದೆ. ಎರಡು ಗಂಟೆಗೆ ಎದ್ದು ಬಾಗಿಲ ಹಿಂದಿನ ಮೂಲೆಗೆ ಮುಖವಿಟ್ಟು ನಿಲ್ಲುತ್ತದೆ. ಹಿಂದಕ್ಕೆ ಬರಬಹುದು ಎನ್ನುವುದು ಆ ಗಳಿಗೆಗೆ ಮರೆತುಹೋಗಿರುತ್ತದೆ. ಗೋಡೆಯನ್ನು ಗದರಿಸಿ ಬೊಗಳುತ್ತದೆ. ಇವರು ಎದ್ದು, ತಿರುಗಿಸಿ, ಅಂಗಳಕ್ಕೆ ಕರೆದೊಯ್ಯಬೇಕು. ಚಿರತೆಯ ಹೆದರಿಕೆ ಇರುವುದರಿಂದ ಒಂದನ್ನೇ ಬಿಡುವಂತಿಲ್ಲ, ಮಳೆಗೆ ನೆನೆದರೆ ಅತ್ತೆ ಬಿಡುವುದಿಲ್ಲ. ಹಾಗಾಗಿ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೊಡೆ, ಕೊಡೆ ನಾಯಿಗೆ, ಮಳೆ ಇವರಿಗೆ. ನಾಯಿ ಯಾವ ತುಳಸಿಯ ಬುಡ, ಯಾವ ದಾಸವಾಳದ ಬುಡ ಎಂದು ತೀರ್ಮಾನಿಸುವಷ್ಟರಲ್ಲಿ ಕಾಲಿಗೆ ಎರಡು ಉಂಬಳವೂ (ಜಿಗಣೆ) ಹತ್ತಿರುತ್ತವೆ.

ಕಣಿವೆಯಾಚೆಯ ಮನೆಯವರು ಸಹಕಾರಿ ಸಂಘದಲ್ಲಿ ಸಿಕ್ಕಾಗ ಇವರನ್ನು ಪಕ್ಕಕ್ಕೆ ಕರೆದು, "ದಿನಾ ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ಬೆಳಕು ಕಾಣ್ತು. ನಿಧಿ ಗಿಧಿ ಸಿಕ್ಕಿದ್ದಾ?" ಎಂದು ಕೇಳಿದ್ದಾರೆ. ಇವರು ನಾಯಿಗೆ ಕೊಡೆ ಹಿಡಿಯುವ ಸುದ್ದಿ ಹೇಳಲು ನಾಚಿ, "ಹಾಂಗೆಂತದೂ ಇಲ್ಲೆ" ಎಂದು ತಡವರಿಸಿದ್ದಾರೆ. ಈಗ ಅವರಿಗೆ ನಿಧಿ ಸಿಕ್ಕಿದ್ದು ಖಾತ್ರಿಯಾಗಿದೆ. ಮೊನ್ನೆ ಕೈಸಾಲ ಕೇಳಿಕೊಂಡು ಬಂದಿದ್ದರು.

ಇನ್ನು ಮಂಗ. ಅದು ನನ್ನ ಖಾತೆ. ಎಳೆ ಅಡಿಕೆಯನ್ನು ಕಿತ್ತು ಚೀಪಿ ಬಿಸಾಡುವ, ಬಾಳೆಗೊನೆ ಬಗೆಯುವ ದಂಡು ಬೆಳಿಗ್ಗೆ ಏಳೂವರೆಗೆ ಬೆಟ್ಟದಿಂದ ಇಳಿಯುತ್ತದೆ. ಮೊದಲು ಬಬ್ರುವಿನ ಒಂದು ಕೂಗಿಗೆ ತೋಟ ಖಾಲಿಯಾಗುತ್ತಿತ್ತು. ಈಗಿನ ಮಂಗಗಳು ಮೆಟ್ಟಿಲ ಮೇಲೆ ಅದು ಮಲಗಿದ್ದನ್ನು ನೋಡಿಯೇ ಇಳಿಯುತ್ತವೆ. ಮಾವನ ಎದುರು ದನಿ ಎತ್ತದ ಸೊಸೆ ಎಂದು ಹೆಸರು ಪಡೆದಿದ್ದ ನಾನು ಖಾಲಿ ಎಣ್ಣೆಡಬ್ಬ, ಕೋಲು ಹಿಡಿದು ತೋಟದ ದರೆಯ ಮೇಲೆ ನಿಂತು "ಹೂಯ್! ಹೋಯ್ ಹೋಯ್ ಹೋಯ್!" ಎಂದು ಹೊಯ್ಲು ಹಾಕುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಬರೀ ಹೋಯ್‌ಗೆ ಅವು ಜಗ್ಗದೆ ಹೋದಾಗ ಬೊಗಳಿಯೂ ನೋಡಿದೆ. ಸುಳ್ಳಲ್ಲ, ಅದಕ್ಕೇ ಹೆಚ್ಚು ಬೆಲೆ.

ನಿನ್ನೆಯೂ ಅಷ್ಟೇ. ಅರ್ಧ ಗಂಟೆ ಡಬ್ಬ ಬಡಿದು, ಬೊಗಳಿ, ಗಂಟಲು ಒಡೆದು, ಕೊನೆಯ ಗಡವ ಮಂಗ ಹಲಸಿನ ಮರದಿಂದ ಬೆಟ್ಟಕ್ಕೆ ಹಾರಿತು. ಸುಧಾರಿಸಿಕೊಳ್ಳುತ್ತ ಅಂಗಳಕ್ಕೆ ಬಂದಾಗ ಬಬ್ರು ಎದ್ದು ಮೈ ಮುರಿಯುತ್ತಿತ್ತು. ಮೂಗೆತ್ತಿ ಗಾಳಿ ಮೂಸಿತು. ಮಂಗದ ವಾಸನೆ! ಕುಂಟುತ್ತ ಕುಂಟುತ್ತ ದರೆಯ ಅಂಚಿಗೆ ಹೋಗಿ, ಖಾಲಿ ಹಲಸಿನ ಮರಕ್ಕೆ ಎದುರಾಗಿ ನಿಂತು, ನಾಲ್ಕು ಸಲ ಗಟ್ಟಿಯಾಗಿ ಬೊಗಳಿತು. ಸ್ವಲ್ಪ ಕಾದು ನೋಡಿತು. ಒಂದು ಎಲೆಯೂ ಅಲುಗಲಿಲ್ಲ. ಬಾಲ ಎತ್ತಿಕೊಂಡು ವಾಪಸು ಬಂತು.

ಅಡಿಗೆಮನೆ ಕಿಟಕಿಯಿಂದ ಅತ್ತೆಯ ದನಿ: "ತಂಗೀ, ಬಬ್ಬು ಮಂಗ ಓಡ್ಸಿಕ್ಕಿ ಬಂತು ನೋಡು. ಅದಕ್ಕೊಂದು ದೋಸೆ ಹಾಕು."

ಉತ್ತರ ಕೊಡಲು ನನಗೆ ಗಂಟಲಿರಲಿಲ್ಲ. ದೋಸೆ ತಂದು, ಮಧ್ಯದಲ್ಲಿ ಬಿಳಿ ಗುಳಿಗೆ ಇಟ್ಟು, ನಾಲ್ಕು ಮಡಿಕೆ ಮಡಚಿ, ಅದರ ಮುಂದೆ ಇಟ್ಟೆ. ಬೆಂಚಿನ ಮೇಲಿಂದ ಮಾವ ಬಗ್ಗಿ ನೋಡುತ್ತಿದ್ದರು. ಬಬ್ರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, ಸಾವಧಾನವಾಗಿ ದೋಸೆಯ ಮಡಿಕೆ ಬಿಚ್ಚತೊಡಗಿತು.