ಮೂರನೇ ಲೇಖಕನ ಸೀಟು ಖಾಲಿ ಇದೆ

ಬೆಳಗ್ಗೆ ಆರೂವರೆ. ಹಾಲಿನವನಿಗಿಂತ ಮೊದಲು ವಾಟ್ಸಾಪ್ ಮೆಸೇಜು ಬಂತು. 'ಗ್ರೀಟಿಂಗ್ಸ್ ಆಫ್ ದಿ ಡೇ ಸರ್. ಇಂಟರ್‌ನ್ಯಾಷನಲ್ ಜರ್ನಲ್ ಪೇಪರ್ ರೆಡಿ ಇದೆ. ಟಾಪಿಕ್ ನ್ಯಾನೋ. ಫಸ್ಟ್ ಆಥರ್ ಸೋಲ್ಡ್ ಔಟ್. ಥರ್ಡ್, ಫಿಫ್ತ್ ಖಾಲಿ ಇದೆ. ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್.'

ಕೆಂಪು ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ತಲೆಮಾರು ನಮ್ಮದು. ಟವೆಲಿಗೆ ದುಡ್ಡು ಕೊಡಬೇಕಿರಲಿಲ್ಲ. ಈಗ ಸಂಶೋಧನೆಯಲ್ಲಿ ಸೀಟು ಹಿಡಿಯೋಕೆ ಯುಪಿಐ ಬೇಕು.

ಯಾರೋ ಬರೆದ ಸಂಶೋಧನಾ ಪೇಪರಿನಲ್ಲಿ ದುಡ್ಡು ಕೊಟ್ಟವರ ಹೆಸರನ್ನು ಲೇಖಕರು ಅಂತ ಸೇರಿಸುವ ದಂಧೆ ಇದು. ಆದರೆ ಒಂದು ಮಾತು ಒಪ್ಪಬೇಕು. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ ನೋಡಿ! ಪ್ರಯೋಗ ಬೇಡ, ಗಾಜಿನ ಸಾಮಾನು ಒಡೆಯೋದು ಬೇಡ, ಆಸಿಡ್ ಬಿದ್ದು ಪ್ಯಾಂಟು ತೂತಾಗೋದು ಬೇಡ. ಇನ್ನೂರು ರೂಪಾಯಿ ಸಾಮಾನಿನಲ್ಲಿ ರಾಮನ್ ಕೆಲಸ ಮುಗಿಸಿದರು ಅಂತ ಪ್ರತಿ ಫೆಬ್ರವರಿ 28ಕ್ಕೆ ನಾವೇ ಮೈಕ್ ಹಿಡಿದು ಭಾಷಣ ಬಿಗಿಯುತ್ತೇವೆ. ಪಾಪ ರಾಮನ್. ಸಾಮಾನೇ ಇಲ್ಲದೆ ಮುಗಿಸಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ.

ನಾನು ಕೆಮಿಸ್ಟ್ರಿ ಮೇಷ್ಟ್ರು. ಲೆಕ್ಕದಲ್ಲಿ ಅಷ್ಟಕ್ಕಷ್ಟೆ. ಆದರೂ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲಿ ಮೇಷ್ಟ್ರುಗಳ ನೇಮಕ, ಬಡ್ತಿಗೆ ಮಾಡಿದ ನಿಯಮದಲ್ಲಿ ಒಂದು ಲೆಕ್ಕ ಇದೆ, ಅದರ ಮುಂದೆ ಕೈ ಮುಗಿದು ನಿಂತಿದ್ದೇನೆ. ವಿಜ್ಞಾನದವರ ಒಂದು ಪೇಪರಿಗೆ 8 ಅಂಕ. ಭಾಷೆ, ಸಮಾಜ, ಶಿಕ್ಷಣ ಇಂಥ ವಿಭಾಗದವರಿಗೆ 10. (ನಮಗೆ ಯಾಕೆ ಎರಡು ಕಮ್ಮಿ ಅಂತ ಕೇಳಬೇಡಿ. ಬಿ.ಎಡ್. ಕಾಲೇಜಿನ ಗೆಳೆಯನ ಜೊತೆ ಈ ವಿಷಯಕ್ಕೆ ಒಮ್ಮೆ ಮಾತು ಬಿಟ್ಟಿದ್ದೆ.) ಇಬ್ಬರು ಲೇಖಕರಿದ್ದರೆ ಒಬ್ಬೊಬ್ಬರಿಗೂ ಶೇ 70. ಅಂದರೆ 5.6 ಮತ್ತು 5.6. ಕೂಡಿದರೆ 11.2. ಎಂಟು ಅಂಕದ ಪೇಪರು ಇಬ್ಬರು ಹಂಚಿಕೊಂಡ ಕೂಡಲೇ ಹನ್ನೊಂದು ದಾಟಿತು! ಇಬ್ಬರಿಗಿಂತ ಜಾಸ್ತಿ ಇದ್ದರೆ ಮುಖ್ಯ ಲೇಖಕನಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಹತ್ತು ಜನ ಸೇರಿದರೆ ಒಟ್ಟು 27.2. ನಮ್ಮ ಮನೆಯಲ್ಲಿ ಒಂದು ತೆಂಗಿನಕಾಯಿ ಹಂಚಿದರೆ ಯಾವತ್ತೂ ಮೂರೂವರೆ ತೆಂಗಿನಕಾಯಿ ಆಗಿಲ್ಲ.

2015ರಲ್ಲಿ ಹಿಗ್ಸ್ ಅನ್ನೋ ಮೂಲಕಣದ ದ್ರವ್ಯರಾಶಿ ಬಗ್ಗೆ ಒಂದು ಪೇಪರು ಬಂತು. ಲೇಖಕರು 5,154. ಒಟ್ಟು 33 ಪುಟ, ಅದರಲ್ಲಿ 24 ಪುಟ ಬರೀ ಹೆಸರು ಮತ್ತು ವಿಳಾಸ. ಅವರದ್ದು ನಿಜವಾದ ಕೆಲಸ, ಸಾವಿರಾರು ಜನ ಸೇರಿಯೇ ಮಾಡಬೇಕಾದದ್ದು, ಅದಕ್ಕೆ ನಾನು ಏನೂ ಅನ್ನೋದಿಲ್ಲ. ಸುಮ್ನೆ ಯುಜಿಸಿ ಲೆಕ್ಕ ಹಾಕಿ ನೋಡಿದೆ. ಎಂಟು ಅಂಕದ ಪೇಪರಿನಿಂದ 12,372.8 ಅಂಕ ಹುಟ್ಟುತ್ತದೆ. ಆ ಕಣಕ್ಕೆ ಹೆಸರು ಕೊಟ್ಟ ಪೀಟರ್ ಹಿಗ್ಸ್ ಇದ್ದರಲ್ಲ, 1964ರ ನಂತರ ಅವರು ಬರೆದದ್ದು ಹತ್ತಕ್ಕಿಂತ ಕಮ್ಮಿ ಪೇಪರು. ಈಗಿನ ಕಾಲದಲ್ಲಾದರೆ ತನಗೆ ಕೆಲಸವೇ ಸಿಗುತ್ತಿರಲಿಲ್ಲ ಅಂತ 2013ರಲ್ಲಿ ನೊಬೆಲ್ ತೆಗೆದುಕೊಳ್ಳಲು ಹೊರಟಾಗ ಅವರೇ ಹೇಳಿದ್ದರು. ನಮ್ಮಲ್ಲಾಗಿದ್ದರೆ ಫೈಲಿನ ಮೇಲೆ 'ದಾಖಲೆ ಸಾಲದು' ಅಂತ ಬರೆದು ವಾಪಸ್ ಕಳಿಸುತ್ತಿದ್ದರು.

ಇಲ್ಲಿ ಬೆಕ್ಕಿನ ಕಥೆ ಹೇಳಲೇಬೇಕು. ವಿಷಯಕ್ಕೆ ಅಷ್ಟೇನೂ ಸಂಬಂಧ ಇಲ್ಲ, ಆದರೂ.

1975. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಾಕ್ ಹೆದರಿಂಗ್ಟನ್ ಹೀಲಿಯಂ-3 ಬಗ್ಗೆ ಒಬ್ಬರೇ ಕೂತು ಪೇಪರು ಬರೆದರು. ಬರೆಯುವಾಗ ಅಭ್ಯಾಸಬಲದಿಂದ ಎಲ್ಲ ಕಡೆ 'ನಾವು' ಅಂತ ಹಾಕಿಬಿಟ್ಟರು. ಲೇಖಕ ಒಬ್ಬನೇ ಇದ್ದರೆ 'ನಾವು' ಅಂತ ಬರೆದದ್ದನ್ನು ಜರ್ನಲ್‌ನವರು ವಾಪಸ್ ಕಳಿಸ್ತಾರೆ ಅಂತ ಸ್ನೇಹಿತರೊಬ್ಬರು ಎಚ್ಚರಿಸಿದರು. ಆಗ ಟೈಪ್‌ರೈಟರ್ ಕಾಲ. ಪೂರ್ತಿ ಮತ್ತೆ ಕುಟ್ಟಬೇಕು. ಹೆದರಿಂಗ್ಟನ್ ಯೋಚಿಸಿದರು. ಮನೆಯಲ್ಲಿ ಚೆಸ್ಟರ್ ಅನ್ನೋ ಸಯಾಮೀ ಬೆಕ್ಕಿತ್ತು. ಅದಕ್ಕೆ ಎಫ್. ಡಿ. ಸಿ. ವಿಲ್ಲರ್ಡ್ ಅಂತ ಗಂಭೀರವಾದ ಹೆಸರಿಟ್ಟು ಎರಡನೇ ಲೇಖಕನನ್ನಾಗಿ ಮಾಡಿದರು. ಪೇಪರು ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅಚ್ಚಾಯಿತು. ಪ್ರತಿಗಳ ಮೇಲೆ ಬೆಕ್ಕು ಪಂಜ ಒತ್ತಿ ಸಹಿ ಹಾಕಿತು. 1980ರಲ್ಲಿ ಫ್ರೆಂಚ್ ವಿಜ್ಞಾನ ಪತ್ರಿಕೆಯಲ್ಲಿ ಬೆಕ್ಕಿನ ಹೆಸರಲ್ಲೇ, ಬೇರೆ ಯಾರ ಹೆಸರೂ ಇಲ್ಲದೆ, ಒಂದು ಲೇಖನ ಬಂತು. ಅದೂ ಫ್ರೆಂಚ್ ಭಾಷೆಯಲ್ಲಿ. ನನಗೆ ಇಂಗ್ಲಿಷಲ್ಲೇ ಎರಡು ಸಾಲು ಬರೆಯೋಕೆ ಬೆವರು ಬರುತ್ತದೆ.

ಇಬ್ಬರು ಲೇಖಕರು, ಆದ್ದರಿಂದ ಬೆಕ್ಕಿಗೆ 5.6 ಅಂಕ. ಆದರೆ ಬೆಕ್ಕು ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ, ಯಾರಿಗೂ ಕೊಡಲಿಲ್ಲ. ಅಷ್ಟರ ಮಟ್ಟಿಗೆ ಅದು ನಮ್ಮ ಸ್ಟಾಫ್ ರೂಮಿಗಿಂತ ಮೇಲು.

ಇನ್ನು ಬರವಣಿಗೆ. ಕದ್ದರೆ ಸಾಫ್ಟ್‌ವೇರ್ ಹಿಡಿಯುತ್ತದೆ ಅಲ್ವಾ? ಅದಕ್ಕೆ ಜಾಣರು ಇನ್ನೊಂದು ಸಾಫ್ಟ್‌ವೇರ್ ತಂದರು. ಕದ್ದ ವಾಕ್ಯದ ಪ್ರತಿ ಪದಕ್ಕೂ ಸಮಾನ ಪದ ಹುಡುಕಿ ತುಂಬುವುದು ಅದರ ಕೆಲಸ. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು ಇಂಥ ಸಾಲುಗಳನ್ನು ಆರಿಸಿ ತೆಗೆದರು. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಹೋಗಿ ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್ ಆಗಿತ್ತು. ಖೋಟಾ ಪ್ರಜ್ಞೆ! ಬ್ರೆಸ್ಟ್ ಕ್ಯಾನ್ಸರ್ ಬೋಸಮ್ ಪೆರಿಲ್ ಆಗಿತ್ತು, ಅಂದರೆ ಎದೆಗಂಡಾಂತರ. ನಮ್ಮ ಉಪಕರಣಗಳ ಸಿಗ್ನಲ್ ಟು ನಾಯ್ಸ್, ಅಂದರೆ ಬೇಕಾದ ಸಂಕೇತಕ್ಕೂ ಬೇಡದ ಗದ್ದಲಕ್ಕೂ ಇರುವ ಅನುಪಾತ ಇದೆಯಲ್ಲ, ಅದು ಫ್ಲ್ಯಾಗ್ ಟು ಕ್ಲ್ಯಾಮರ್. ಬಾವುಟಕ್ಕೂ ಗಲಾಟೆಗೂ ಇರುವ ಅನುಪಾತ ಅಂದರೆ ನವೆಂಬರ್ ಒಂದನೇ ತಾರೀಖಿನ ವರದಿ ಇರಬೇಕು ಅಂದುಕೊಂಡೆ.

ಇದೇ ಯಂತ್ರವನ್ನು ಕನ್ನಡಕ್ಕೆ ಬಿಟ್ಟರೆ ಹೇಗಿರುತ್ತೆ ಅಂತ ಒಂದು ಮಧ್ಯಾಹ್ನ ಇನ್ವಿಜಿಲೇಷನ್ ಮಾಡುತ್ತಾ ಯೋಚಿಸಿದೆ. ರಾಗಿಮುದ್ದೆ 'ಧಾನ್ಯಗೋಳ'. ಬಿಸಿಬೇಳೆಬಾತ್ 'ಉಷ್ಣ ದ್ವಿದಳಾನ್ನ'. ಗೆಳೆಯ ಕೈಕೊಟ್ಟ ಅನ್ನೋದು 'ಮಿತ್ರನು ಹಸ್ತದಾನ ಮಾಡಿದನು'. ತಲೆ ತಿನ್ನಬೇಡ ಮಾರಾಯ ಅಂದರೆ 'ಶಿರೋಭಕ್ಷಣ ನಿಷೇಧಿಸಲಾಗಿದೆ'. ನಗುತ್ತಾ ಕೂತಿದ್ದೆ, ಹಿಂದಿನ ಬೆಂಚಿನಲ್ಲಿ ಇಬ್ಬರು ಆರಾಮಾಗಿ ಕಾಪಿ ಹೊಡೆದರು. ಅವರಾದರೂ ಇದ್ದದ್ದನ್ನು ಇದ್ದಹಾಗೆ ಬರೆದರು.

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. 1950ರ ದಶಕದ ಒಂದು ಪೇಪರು, ಎರಡು ಕಾಲಂನಲ್ಲಿ ಅಚ್ಚಾದದ್ದು. ಸ್ಕ್ಯಾನ್ ಮಾಡುವಾಗ ಎಡಗಡೆ ಕಾಲಂನ 'ವೆಜಿಟೇಟಿವ್' ಹೋಗಿ ಬಲಗಡೆಯ 'ಎಲೆಕ್ಟ್ರಾನ್ ಮೈಕ್ರೋಸ್ಕೋಪಿ'ಗೆ ಅಂಟಿಕೊಂಡಿತು. ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ! ಇಲ್ಲದ ಆ ಯಂತ್ರದ ಹೆಸರು ದಶಕಗಳಾದ ಮೇಲೆ ಹೊಸ ಪೇಪರುಗಳಲ್ಲಿ ಕಾಣಿಸಿಕೊಂಡಿತು. ಬರೆದವನು ಓದಿಲ್ಲ, ಪರೀಕ್ಷಿಸಿದವನೂ ಓದಿಲ್ಲ. ಶುದ್ಧ ಸಸ್ಯಾಹಾರಿ ಮೈಕ್ರೋಸ್ಕೋಪು, ಒಳಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಗಣಿತದವರಾದರೂ ನೆಟ್ಟಗಿದ್ದಾರೆ ಅಂದುಕೊಂಡಿದ್ದೆ. ತಪ್ಪು. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಪುಸ್ತಕ ಅಂತ ಇರುತ್ತದೆ. ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟುಕೊಂಡು, ಅವರ ಮನೆ ಮದುವೆಗೆ ಅಷ್ಟೇ ವಾಪಸ್ ಹಾಕುವುದು. ಸೈಟೇಷನ್, ಅಂದರೆ ಒಬ್ಬರ ಪೇಪರನ್ನು ಇನ್ನೊಬ್ಬರು ಉಲ್ಲೇಖಿಸುವುದು, ಈಗ ಅದೇ ಆಗಿದೆ. ನೀನು ನನ್ನ ಪೇಪರಿನ ಹೆಸರು ಹೇಳು, ನಾನು ನಿನ್ನದು ಹೇಳುತ್ತೇನೆ. ಈ ಮುಯ್ಯಿ ಎಷ್ಟು ಜೋರಾಯಿತು ಅಂದರೆ, ತೈವಾನಿನ ಒಂದು ವೈದ್ಯಕೀಯ ವಿಶ್ವವಿದ್ಯಾಲಯ ಗಣಿತದ ಸೈಟೇಷನ್ ಲೆಕ್ಕದಲ್ಲಿ ಜಗತ್ತಿನ ದೊಡ್ಡ ದೊಡ್ಡವರನ್ನೆಲ್ಲ ಹಿಂದೆ ಹಾಕಿತು. ಅಲ್ಲಿ ಗಣಿತ ವಿಭಾಗವೇ ಇಲ್ಲ! ಅತಿ ಹೆಚ್ಚು ಉಲ್ಲೇಖಗೊಂಡವರ ಪಟ್ಟಿ ಮಾಡುವ ಕ್ಲಾರಿವೇಟ್ ಕಂಪನಿ 2023ರಲ್ಲಿ ಗಣಿತವನ್ನೇ ಪಟ್ಟಿಯಿಂದ ಕೈಬಿಟ್ಟಿತು. ಎಣಿಸುವುದನ್ನೇ ಕಸುಬು ಮಾಡಿಕೊಂಡವರು ಗಣಿತದವರನ್ನು ಎಣಿಸಲಾರೆವು ಅಂತ ಕೈಚೆಲ್ಲಿದರು.

ಸರ್ಕಾರ ಸುಮ್ಮನೆ ಕೂತಿದೆ ಅನ್ನಬೇಡಿ, ಅದೂ ಪಾಪ ಓಡಾಡಿದೆ. 2017ರಲ್ಲಿ ಯುಜಿಸಿ ತಾನು ಒಪ್ಪಿದ ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳ ಪಟ್ಟಿ ಹೊರಡಿಸಿತು. ಮರುವರ್ಷ ಮೇ ತಿಂಗಳಲ್ಲಿ ಅದರಿಂದ 4,305 ಜರ್ನಲ್ ಕಿತ್ತು ಹಾಕಿತು. 2019ರಲ್ಲಿ ಕೇರ್ ಅಂತ ಹೊಸ ಪಟ್ಟಿ. 2025ರ ಫೆಬ್ರವರಿಯಲ್ಲಿ ಅದೂ ಬೇಡ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ನೀವೇ ನೋಡಿಕೊಳ್ಳಿ ಅಂತ ವಿಶ್ವವಿದ್ಯಾಲಯಗಳಿಗೆ ಬಿಟ್ಟಿತು. ಕಳ್ಳರ ಕಾಟ ತಡೆಯಲಾರದೆ ಯಜಮಾನ ಬಾಗಿಲನ್ನೇ ಕಳಚಿ ಅಟ್ಟಕ್ಕೆ ಹಾಕಿದ ಹಾಗೆ. ಬರೀ ನಮ್ಮೂರ ರೋಗವೂ ಅಲ್ಲ ಇದು. ವೈಲಿ ಅನ್ನೋ ಅಮೆರಿಕದ ಹಳೇ ಪ್ರಕಾಶಕರು 2021ರಲ್ಲಿ ಹಿಂದಾವಿ ಅನ್ನೋ ಜರ್ನಲ್ ಕಂಪನಿಯನ್ನು 29.8 ಕೋಟಿ ಡಾಲರಿಗೆ ಕೊಂಡರು. 2023 ಒಂದೇ ವರ್ಷ ಅದರ ಎಂಟು ಸಾವಿರಕ್ಕೂ ಹೆಚ್ಚು ಪೇಪರುಗಳನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಕೊನೆಗೆ ಆ ಹೆಸರನ್ನೇ ಬಿಟ್ಟರು.

ಇಷ್ಟು ಹೊತ್ತು ನಕ್ಕೆ. ಈಗ ನಗು ಬರ್ತಿಲ್ಲ.

ನನಗೆ ಗೊತ್ತಿರುವ ಒಬ್ಬಳು ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಆರ್ಗ್ಯಾನಿಕ್ ಕೆಮಿಸ್ಟ್ರಿ. ಯಾವ ಊರು, ಯಾವ ವಿಭಾಗ ಅನ್ನೋದು ಬೇಡ. ಅವಳ ಕೆಲಸದ ಮೊದಲ ಮೆಟ್ಟಿಲಿಗೆ ಅಚ್ಚಾದ ಒಂದು ಪೇಪರಿನ ವಿಧಾನ ಬೇಕಿತ್ತು. ಆ ಪೇಪರಿನ ಟೇಬಲ್ ನಾನೂ ನೋಡಿದೆ. ಹನ್ನೆರಡು ಕಾಂಪೌಂಡು. ಈಲ್ಡ್, ಅಂದರೆ ಸಿಗಬೇಕಾದದ್ದರಲ್ಲಿ ಕೈಗೆ ಸಿಕ್ಕ ಪಾಲು, ಶೇ 94, 96, 95, 96, 97... ಹೀಗೇ ಸಾಲಾಗಿ. ಅಡುಗೆ ಉಪ್ಪನ್ನು ಒಂದು ಬೀಕರಿನಿಂದ ಇನ್ನೊಂದಕ್ಕೆ ಸುರಿದರೂ ನಮ್ಮ ಕೈಗೆ ಶೇ 96 ಸಿಗೋದಿಲ್ಲ. ಆಗಲೇ ಹೇಳಬೇಕಿತ್ತು ನಾನು. ಹೇಳಲಿಲ್ಲ. ಅಚ್ಚಾಗಿದೆಯಲ್ಲ ಅಂದುಕೊಂಡೆ.

ಐದು ತಿಂಗಳು ಮಾಡಿದಳು. ಪ್ರತಿ ಸಲ ಫ್ಲಾಸ್ಕಿನ ತಳದಲ್ಲಿ ಕಂದು ಬಣ್ಣದ ಅಂಟು. ಮಿಶ್ರಣದಲ್ಲಿ ಎಷ್ಟು ವಸ್ತು ಇವೆ ಅಂತ ನೋಡೋಕೆ ಟಿಎಲ್‌ಸಿ ಹಾಕಿದರೆ ಏಳು ಚುಕ್ಕಿ, ಸೇರಿಸಿದರೆ ರಂಗೋಲಿ ಆಗುತ್ತೆ ಸರ್ ಅಂದಳು. ರಾತ್ರಿ ಹತ್ತರವರೆಗೆ ಕಾಲಮ್ ಅನ್ನೋ ಗಾಜಿನ ಕೊಳವೆ ಮುಂದೆ ನಿಂತು ಹನಿ ಹನಿ ಹಿಡಿದು ಬೇರೆ ಮಾಡಿದಳು. ಕರೆಂಟು ಹೋದರೆ ಮೊಬೈಲ್ ಟಾರ್ಚು. ಒಂದು ಚಿಟಿಕೆ ಸಿಕ್ಕಿದ್ದನ್ನು ಪುಟ್ಟ ಸೀಸೆಗೆ ಹಾಕಿ, ಹತ್ತಿಯಲ್ಲಿ ಸುತ್ತಿ, ಹಳೇ ಹಾರ್ಲಿಕ್ಸ್ ಡಬ್ಬಿಯಲ್ಲಿಟ್ಟು, ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ಗೆ ಬೆಂಗಳೂರಿಗೆ ಕಳಿಸಿದಳು. ರಿಪೋರ್ಟಲ್ಲಿ ಬೇಕಾದ ಒಂದು ಪೀಕೂ ಇಲ್ಲ. ತನ್ನ ಕೈಯೇ ಸರಿ ಇಲ್ಲ ಅಂತ ಅತ್ತಳು. ಪೇಪರ್ ಬರೆದವರಿಗೆ ಮೂರು ಸಲ ಮೇಲ್ ಹಾಕಿದಳು. ಉತ್ತರ ಇಲ್ಲ. ಅವರು ಆ ಫ್ಲಾಸ್ಕನ್ನು ಮುಟ್ಟಿಯೇ ಇರಲಿಲ್ಲ ಅನ್ನೋದು ನನ್ನ ಗುಮಾನಿ.

ಫೆಲೋಶಿಪ್ ದುಡ್ಡು ಬರದೆ ಏಳು ತಿಂಗಳಾಗಿದೆ. ಹೆಕ್ಸೇನ್ ದ್ರಾವಕ ತಂದದ್ದು ಅವಳ ಅಪ್ಪನ ದುಡ್ಡಲ್ಲಿ. ಒಬ್ಬ ಅಯೋಗ್ಯ ಮನೇಲಿ ಕೂತು ಟೇಬಲ್ ತುಂಬಿಸಿ ಅಂಕ ತಗೊಂಡ, ಬಡ್ತಿ ತಗೊಂಡ. ಆ ಟೇಬಲ್ಲನ್ನು ನಂಬಿದವಳ ಐದು ತಿಂಗಳು ಸಿಂಕಿಗೆ ಹೋಯಿತು. ಇದಕ್ಕೆ ಯಾವ ಪಟ್ಟಿಯಲ್ಲಿ ಎಷ್ಟು ಅಂಕ ಕಳೀತೀರಿ ಸ್ವಾಮಿ? ಆಗದೇ ಹೋದ ಪ್ರಯೋಗದ ಬಗ್ಗೆ ಬರೀತೀನಿ ಅಂದರೆ ಯಾವ ಜರ್ನಲ್ಲೂ ತಗೊಳ್ಳೋದಿಲ್ಲ. ಸುಳ್ಳು ಶೇ 96ಕ್ಕೆ ಜಾಗ ಇದೆ, ನಿಜವಾದ ಸೊನ್ನೆಗೆ ಇಲ್ಲ.

ಅವಳು ಬೇರೆ ದಾರಿ ಹಿಡಿದಳು. ತನ್ನದೇ ವಿಧಾನ ಮಾಡಿಕೊಂಡಳು. ಈಲ್ಡ್ ಶೇ 41. ನಾಲ್ಕು ಸಲ ಮಾಡಿದರೂ ನಲವತ್ತರ ಆಸುಪಾಸು. ಪೇಪರು ಬರೆದು ಕಳಿಸಿದಳು. ಮೊನ್ನೆ ಜರ್ನಲ್ ಪರೀಕ್ಷಕರ ರಿವ್ಯೂ ಬಂತು. ಎರಡನೇ ರಿವ್ಯೂವರ್ ಈಲ್ಡ್ ತೀರಾ ಕಮ್ಮಿ ಅಂದಿದ್ದಾರೆ. ಜೊತೆಗೆ, ಈ ಕೆಳಗಿನ ನಾಲ್ಕು ಪೇಪರುಗಳನ್ನು ಉಲ್ಲೇಖಿಸಿದರೆ ಲೇಖನಕ್ಕೆ ತೂಕ ಬರುತ್ತದೆ ಅಂತ ಪಟ್ಟಿ ಕೊಟ್ಟಿದ್ದಾರೆ. ಮೂರನೆಯದು ಅದೇ, ಹನ್ನೆರಡು ಕಾಂಪೌಂಡಿನದು. ಅದು ಆಗಲೇ ಹದಿನಾಲ್ಕು ಕಡೆ ಉಲ್ಲೇಖವಾಗಿದೆ.

ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಕೇಳಿದಳು. "ಸರ್, ಹಾಕ್ಲಾ?"

ಜೂನ್ ಒಳಗೆ ಥೀಸಿಸ್ ಕೊಡಬೇಕು ಅವಳು.

"ಹಾಕಮ್ಮ" ಅಂದೆ.

ರೆಫರೆನ್ಸ್ ನಂಬರ್ 23.